ಬೇರೆಯವರು ಹಾಸಿದ ಹಾಸಿಗೆ

ಹಳೆಯ ಕೋಟೆ, ಕಡಲ ತೀರ, ಸಂಜೆಯಾದ ಮೇಲಿನ ಸಡಗರ, ಮೂರನ್ನೂ ನೋಡಿಯೇ ಊರಿಗೆ ಹಿಂತಿರುಗುವುದು ಎಂದು ನಮ್ಮವರು ಬಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದರು. ಯಾವುದೋ ಪತ್ರಿಕೆಯಿಂದ ಕತ್ತರಿಸಿಟ್ಟುಕೊಂಡ ಬಣ್ಣದ ಹಾಳೆಯೊಂದು ಅವರ ಜೇಬಿನಲ್ಲಿತ್ತು. ದಾರಿಯುದ್ದಕ್ಕೂ ಅದನ್ನು ತೆಗೆದು ಓದುವುದು, ಮಡಚಿ ಜೇಬಿಗಿಡುವುದು, ಮತ್ತೆ ತೆಗೆಯುವುದು. ಪರೀಕ್ಷೆಗೆ ಹೊರಟ ಮಕ್ಕಳೂ ಅಷ್ಟು ಓದಿರಲಾರರು. ನನಗೆ ಆ ಮೂರರಲ್ಲಿ ಒಂದೂ ಬೇಕಿರಲಿಲ್ಲ. ಬೇರೆ ಯಾರಾದರೂ ಹಾಸಿದ ಹಾಸಿಗೆಯಲ್ಲಿ ಮಲಗಿ ಕಣ್ತುಂಬ ನಿದ್ದೆ ಮಾಡಬೇಕು, ಅಷ್ಟೇ ನನ್ನ ಆಸೆ.

ನಗಬೇಡಿ. ನಾನು ಹೋಟೆಲೊಂದರಲ್ಲಿ ರೂಮು ಮಾಡುವವಳು. ರೂಮು ಮಾಡುವುದೆಂದರೆ ಗೋಡೆ ಕಟ್ಟುವುದಲ್ಲ. ಹಿಂದಿನವರು ಉಂಡದ್ದು, ಮಲಗಿದ್ದು, ಜಗಳ ಆಡಿದ್ದು ಎಲ್ಲವನ್ನೂ ಒರೆಸಿ ಹಾಕಿ, ಇಲ್ಲಿ ಹಿಂದೆಂದೂ ಯಾರೂ ಕಾಲಿಟ್ಟೇ ಇಲ್ಲ ಎನ್ನುವ ಹಾಗೆ ಕೋಣೆಯನ್ನು ಮುಂದಿನವರಿಗೆ ಒಪ್ಪಿಸುವುದು. ನಮ್ಮವರು ಅದೇ ಹೋಟೆಲಿನ ನೆಲಮಾಳಿಗೆಯಲ್ಲಿ ಇಸ್ತ್ರಿ ಮಾಡುತ್ತಾರೆ. ಅಲ್ಲಿನವರು ತಮಾಷೆಗೆ ಅವರನ್ನು ಇಸ್ತ್ರಿ ಸಾಹೇಬರು ಎನ್ನುತ್ತಾರೆ. ಸಾಹೇಬರಿಗೆ ಚಾದರವನ್ನು ಬಿಸಿಬಿಸಿಯಾಗಿ ಮಡಚಿಡುವುದು ಗೊತ್ತೇ ಹೊರತು ಹಾಸುವುದು ಗೊತ್ತಿಲ್ಲ. ಹಾಗಾಗಿ ಹೋಟೆಲಿನಲ್ಲೂ ಹಾಸಿಗೆ ನನ್ನದೇ, ಮನೆಯಲ್ಲೂ ನನ್ನದೇ. ಹೆರಿಗೆಗೆ ಆಸ್ಪತ್ರೆ ಸೇರಿದಾಗಲೂ ನರ್ಸಮ್ಮ ಬರುವಷ್ಟರಲ್ಲಿ ನಾನೇ ಎದ್ದು ಚಾದರ ಎಳೆದು ಸರಿಮಾಡಿ ಮಲಗಿದ್ದೆ. ಆಕೆ ಬೈದದ್ದು ಇನ್ನೂ ಕಿವಿಯಲ್ಲಿದೆ.

ಈ ವರ್ಷ ಸೊಂಟ ಕೈಕೊಟ್ಟಿತು. ಬಗ್ಗಿದರೆ ಏಳಲಾರೆ, ಎದ್ದರೆ ಬಗ್ಗಲಾರೆ. ಮಗಳು ನೋಡಿ ನೋಡಿ ಸಾಕಾಗಿ ಒಂದು ದಿನ ಫೋನಿನಲ್ಲೇ ರೂಮು ಬುಕ್ ಮಾಡಿಸಿ, ದುಡ್ಡನ್ನೂ ಕಟ್ಟಿ, ಅಪ್ಪ ಅಮ್ಮ ಇಬ್ಬರನ್ನೂ ಬಸ್ಸು ಹತ್ತಿಸಿದಳು. ಕಿಟಕಿಯ ಬಳಿ ನಿಂತು ಹೇಳಿದ್ದು ಒಂದೇ ಮಾತು.

"ಅಮ್ಮ, ಅಲ್ಲಿ ಹೋಗಿ ಒಂದು ಕಡ್ಡೀನೂ ಈಚೆಯಿಂದ ಆಚೆ ಇಡಬೇಡ. ನನ್ನಾಣೆ."

"ಇಡಲ್ಲ ಬಿಡೇ," ಎಂದೆ. ಮನಸ್ಸಾರೆ ಹೇಳಿದ್ದೆ.

ಹೋಟೆಲು ಹಳೆಯ ಪೇಟೆಯ ಮಗ್ಗುಲಲ್ಲಿತ್ತು. ಕೌಂಟರಿನಲ್ಲಿದ್ದ ಮ್ಯಾನೇಜರಿಗೆ ಪೆನ್ಸಿಲಿನಲ್ಲಿ ಗೀಚಿದಂಥ ಸಪೂರ ಮೀಸೆ, ತುಟಿಯ ಮೇಲೆ ಒಂದು ನಗು. ನಮ್ಮವರ ಇಸ್ತ್ರಿಯ ಕೃಪೆಯಿಂದ ನನ್ನ ಬಟ್ಟೆ ಅಷ್ಟು ದೂರದ ಬಸ್ಸಿನ ಪ್ರಯಾಣದ ಮೇಲೂ ಗರಿಗರಿಯಾಗಿತ್ತು, ಮೂಗಿನ ಮೇಲೆ ಹೊಸ ಕನ್ನಡಕ ಬೇರೆ. ಆತ ನನ್ನನ್ನೊಮ್ಮೆ ನೋಡಿ, "ಮೇಡಂ ಟೀಚರ್ ಇರಬೇಕು ಅಲ್ವಾ? ನೋಡಿದ್ರೇ ಗೊತ್ತಾಗುತ್ತೆ," ಎಂದ.

ನಾನು ಬಾಯಿ ತೆರೆಯುವ ಮೊದಲೇ ನಮ್ಮವರು "ಹೂಂ" ಎಂದುಬಿಟ್ಟರು.

"ಯಾವ ಸಬ್ಜೆಕ್ಟು ಮೇಡಂ?"

"ಲೆಕ್ಕ," ಎಂದೆ ನಾನು. ಪೂರ್ತಿ ಸುಳ್ಳೇನಲ್ಲ. ಟವೆಲ್ಲು, ದಿಂಬಿನ ಕವರು ಎಣಿಸುವುದರಲ್ಲಿ ನಮ್ಮ ಹೋಟೆಲಿನಲ್ಲಿ ನನ್ನನ್ನು ಮೀರಿಸುವವರಿಲ್ಲ. ನಿಜ ಹೇಳಬೇಕೆಂದರೆ ಮೇಡಂ ಎನಿಸಿಕೊಳ್ಳುವುದು ಹಿತವಾಗಿತ್ತು. ಮೆಟ್ಟಿಲು ಹತ್ತುವಾಗ ಸೊಂಟದ ನೋವು ಕೂಡ ಒಂದು ಘಳಿಗೆ ಮರೆತುಹೋಯಿತು.

ಬಾಗಿಲು ತೆರೆದರೆ ಎದುರಿಗೇ ಹಾಸಿಗೆ. ಬಿಳಿ ಚಾದರ, ಉಬ್ಬಿದ ದಿಂಬು, ಕಾಲ ಬಳಿ ಮಡಚಿಟ್ಟ ಹೊದಿಕೆ. ಯಾರೋ ನನಗಾಗಿ ಬಗ್ಗಿ, ಎಳೆದು, ತಟ್ಟಿ ಹಾಸಿಟ್ಟಿದ್ದರು. ನಾನು ಅದನ್ನೇ ನೋಡುತ್ತ ನಿಂತೆ. ನಮ್ಮವರು ಕಿಟಕಿ ತೆರೆದು "ಕಡಲು ಕಾಣುತ್ತೆ ಬಾರೇ" ಎಂದು ಕರೆಯುತ್ತಿದ್ದರು. ಕಡಲು ಎಲ್ಲಿಗೂ ಓಡಿಹೋಗುವುದಿಲ್ಲ ಎಂದು ಹೇಳಿ ನಾನು ಅಡ್ಡಾದೆ.

ಅಡ್ಡಾದದ್ದೇನೋ ಹೌದು. ಎಡಗಾಲಿಗೆ ಏನೋ ಸಡಿಲವಾಗಿ ತಾಗಿತು. ಆ ಮೂಲೆಯ ಚಾದರವನ್ನು ಸರಿಯಾಗಿ ಒಳಗೆ ಸಿಕ್ಕಿಸಿರಲಿಲ್ಲ. ಇರಲಿ ಎಂದುಕೊಂಡೆ. ಮಗ್ಗುಲು ಬದಲಿಸಿದೆ. ಇರಲಿ ಎಂದು ಇನ್ನೊಮ್ಮೆ ಅಂದುಕೊಂಡೆ. ಕಡೆಗೆ ತಡೆಯಲಾಗದೆ ಎದ್ದು, ಹಾಸಿಗೆಯ ತುದಿ ಎತ್ತಿ, ಆ ಮೂಲೆ ಬಿಚ್ಚಿ ಸರಿಯಾಗಿ ಮಡಚಿ ಸಿಕ್ಕಿಸಿದೆ. ಒಂದು ಮೂಲೆ ಬಿಗಿಯಾದರೆ ಮಿಕ್ಕ ಮೂರು ಮೂಲೆ ಸುಮ್ಮನಿರುತ್ತವೆಯೇ? ಅವನ್ನೂ ಮಾಡಿದೆ. ದಿಂಬು ತಟ್ಟಿದೆ. ಹಾಗಾಗಿ ಆ ದಿನ ನಾನು ಮಲಗಿದ್ದು ನಾನೇ ಹಾಸಿದ ಹಾಸಿಗೆಯಲ್ಲಿ. ಸೊಂಟ ಇಡೀ ರಾತ್ರಿ ನನ್ನನ್ನು ಬೈಯುತ್ತಲೇ ಇತ್ತು, ಪಕ್ಕದಲ್ಲಿ ನಮ್ಮವರ ಗೊರಕೆ ಬೇರೆ.

ಬೆಳಿಗ್ಗೆ ಕಣ್ಣು ಉರಿಯುತ್ತಿತ್ತು. ನಮ್ಮವರು ಸ್ನಾನಕ್ಕೆ ಹೋದರು. ಆಮೇಲೆ ನಡೆದದ್ದು ನನಗೆ ರಾತ್ರಿಯಷ್ಟೇ ನೆನಪಾಯಿತು, ಏಕೆಂದರೆ ಮಾಡುತ್ತಿದ್ದದ್ದು ಕೈ ಮಾತ್ರ, ತಲೆ ಇನ್ನೂ ದಿಂಬಿನ ಮೇಲೇ ಇತ್ತು. ಎದ್ದ ಹಾಸಿಗೆಯ ಚಾದರ ಕಿತ್ತೆ, ಕೊಳೆ ಒಳಗಾಗುವಂತೆ ಮಡಚಿದೆ, ದಿಂಬಿನ ಕವರುಗಳನ್ನೆಲ್ಲ ಒಂದೇ ಕವರಿನೊಳಗೆ ತುರುಕಿ ಗಂಟು ಕಟ್ಟಿದೆ, ಎಲ್ಲವನ್ನೂ ಬಾಗಿಲ ಪಕ್ಕ ಇಟ್ಟೆ. ಕಸದ ಬುಟ್ಟಿ ಕೂಡ ಖಾಲಿ ಮಾಡಿದೆ. ನಮ್ಮವರೂ ಕಡಿಮೆಯವರಲ್ಲ. ಒದ್ದೆ ಟವೆಲ್ಲುಗಳನ್ನು ಅಂಚಿಗೆ ಅಂಚು ಕೂಡಿಸಿ ಮಡಚಿ ತಂದು ಅದರ ಮೇಲೇ ಇಟ್ಟರು. ಇಬ್ಬರಿಗೂ ಏನು ಮಾಡುತ್ತಿದ್ದೇವೆಂಬ ಪರಿವೇ ಇರಲಿಲ್ಲ.

ಇನ್ನು ಬ್ಯಾಗಿನ ವಿಷಯ. ನಮ್ಮ ಪಾಲಿಗಿದ್ದದ್ದು ಒಂದೇ ನೀಲಿ ಬ್ಯಾಗು. ಅದನ್ನು ನಮ್ಮವರು ಹೆಗಲಿಗೇರಿಸಿಕೊಂಡರು.

"ಅದನ್ಯಾಕೆ ಹೊರ್ತೀರ? ರೂಮಲ್ಲಿ ಇಡಿ," ಎಂದೆ.

"ಹೋಟೆಲ್ ರೂಮಿಗೆ ಎಷ್ಟು ಜನರ ಹತ್ತಿರ ಬೀಗದ ಕೈ ಇರುತ್ತೆ ಅಂತ ನಿನಗೆ ಗೊತ್ತಿಲ್ವಾ?" ಎಂದರು. ಬೀಗದ ಕೈಯನ್ನು ಕೌಂಟರಿನಲ್ಲಿ ಕೊಟ್ಟು ಹೊರಟೆವು. ಪೆನ್ಸಿಲ್ ಮೀಸೆ ನಗುತ್ತ ತಲೆಯಾಡಿಸಿತು.

ಕೋಟೆ ಎಲ್ಲ ಕೋಟೆಗಳ ಹಾಗೇ ಮೆಟ್ಟಿಲಿನಿಂದಲೇ ಮಾಡಿದ್ದಾಗಿತ್ತು. ನಮ್ಮವರು ಹಾಳೆ ತೆಗೆದು, ಇಲ್ಲಿಂದಲೇ ಹಡಗಿಗೆ ತೋಪು ಹಾರಿಸುತ್ತಿದ್ದರಂತೆ, ಇಲ್ಲೇ ದೀಪ ಹಚ್ಚುತ್ತಿದ್ದರಂತೆ ಎಂದು ಓದುತ್ತ ಮುಂದೆ ಮುಂದೆ, ನಾನು ಗೋಡೆ ಹಿಡಿದು ಹಿಂದೆ ಹಿಂದೆ. ಕೋಟೆಯೊಳಗಿನ ಮ್ಯೂಸಿಯಮ್ಮಿನಲ್ಲಿ ರಾಣಿಯ ಮಂಚವಿತ್ತು. ಸುತ್ತ ಕೆಂಪು ಹಗ್ಗ ಕಟ್ಟಿ, ಮುಟ್ಟಬೇಡಿ ಎಂದು ಬೋರ್ಡು ಹಾಕಿದ್ದರು. ಗೈಡು ಒಬ್ಬ ಆ ರಾಣಿಯ ಶೌರ್ಯವನ್ನು ಬಣ್ಣಿಸುತ್ತಿದ್ದ. ನನ್ನ ಕಣ್ಣು ಮಾತ್ರ ಮೇಲುಹಾಸಿನ ಮೇಲೆ. ಒಂದು ಕಡೆ ಮೊಳದುದ್ದ ಇಳಿಬಿದ್ದಿತ್ತು, ಇನ್ನೊಂದು ಕಡೆ ಮಂಚದ ಕಾಲೇ ಕಾಣುತ್ತಿತ್ತು.

"ಏನೇ ಅಷ್ಟು ನೋಡ್ತಿದೀಯ? ಇತಿಹಾಸ ಹಿಡಿಸಿತಾ?" ಎಂದು ನಮ್ಮವರು ಖುಷಿಯಿಂದ ಕೇಳಿದರು.

"ಹಗ್ಗ ಕಟ್ಟಿದ್ದು ಒಳ್ಳೇದಾಯ್ತು ಬಿಡಿ," ಎಂದೆ. ಅವರಿಗೆ ಅರ್ಥವಾಗಲಿಲ್ಲ.

ಮಧ್ಯಾಹ್ನದ ಬಿಸಿಲಿಗೆ ಕಡಲ ತೀರ ಬಾಣಲೆಯಂತೆ ಕಾದಿತ್ತು. ಜನ ನೀರಿಗೆ ಬೀಳುವುದು, ಕಿರುಚುವುದು, ಮೈಗೆಲ್ಲ ಮರಳು ಮೆತ್ತಿಕೊಂಡು ಏಳುವುದು. ಈ ಮರಳೆಲ್ಲ ಸಂಜೆ ಯಾವ ಯಾವ ಬಾತ್‌ರೂಮಿನ ತೂಬು ಸೇರುತ್ತದೆ, ಅದನ್ನು ಯಾರು ಕೈ ಹಾಕಿ ತೆಗೆಯುತ್ತಾರೆ ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಕಸುಬಿನ ಬುದ್ಧಿ ಎಲ್ಲಿ ಹೋದರೂ ಬಿಡುವುದಿಲ್ಲ. ನಮ್ಮವರು ಬ್ಯಾಗನ್ನು ಎದೆಗೆ ಅವಚಿಕೊಂಡು, ಪ್ಯಾಂಟು ಮಡಚಿ, ಅಲೆಯಲ್ಲಿ ಕಾಲಿಟ್ಟು ನಿಂತಿದ್ದರು. ಬ್ಯಾಗು ಕೆಳಗಿಟ್ಟರೆ ಕಳ್ಳರ ಭಯ, ಹೊತ್ತುಕೊಂಡರೆ ಹೆಗಲಿಗೆ ಶಿಕ್ಷೆ. ಆದರೂ ಅವರ ಮುಖದ ತುಂಬ ಖುಷಿ. ಕಿಟಕಿಯೇ ಇಲ್ಲದ ನೆಲಮಾಳಿಗೆಯಲ್ಲಿ ಹಬೆ ಕುಡಿದುಕೊಂಡು ಅಷ್ಟು ವರ್ಷ ನಿಂತವರಿಗೆ ಎಲ್ಲವನ್ನೂ ಒಂದೇ ದಿನಕ್ಕೆ ನೋಡಿಬಿಡುವ ಆತುರ ಇರದೆ ಇನ್ನೇನು? ಪಾಪ ಅನ್ನಿಸಿತು. ಆದರೆ ನನಗೂ ಪಾಪ ಅನ್ನುವವರು ಬೇಕಲ್ಲ.

ಹೊತ್ತು ಮುಳುಗುವ ಮುಂಚೆಯೇ ನಮ್ಮವರು ನನ್ನನ್ನು ಕಲ್ಲು ಹಾಸಿದ ಬೀದಿಯೊಂದಕ್ಕೆ ಎಳೆದುಕೊಂಡು ಹೋದರು. ಬಣ್ಣದ ದೀಪ, ಹೊರಗೆ ಹಾಕಿದ ಕುರ್ಚಿ, ಎದೆ ನಡುಗಿಸುವ ಡ್ರಮ್ಮು. ಸೂರ್ಯ ಮುಳುಗಿದ ಮೇಲೆ ಈ ಊರು ಎಚ್ಚರಾಗುತ್ತದೆ ಎಂದು ಅವರ ಹಾಳೆಯಲ್ಲಿತ್ತಂತೆ. ನಾನು ಮಲಗುವ ಹೊತ್ತಿಗೆ ಏಳುವ ಊರಿನಿಂದ ನನಗೇನು ಸುಖ? ಎರಡು ಗ್ಲಾಸು ತಣ್ಣನೆಯ ಜ್ಯೂಸು ತರಿಸಿದರು. ಡ್ರಮ್ಮು ಬಡಿಯುತ್ತಿದ್ದವನು ನನ್ನ ಕಿವಿಯ ಪಕ್ಕದಲ್ಲೇ ಇದ್ದ. ಆ ಗದ್ದಲದಲ್ಲಿ, ಗ್ಲಾಸು ಕೈಯಲ್ಲಿ ಹಿಡಿದುಕೊಂಡೇ ನಾನು ನಿದ್ದೆ ಹೋದೆ.

ನಮ್ಮವರು ಭುಜ ಅಲ್ಲಾಡಿಸಿ ಎಬ್ಬಿಸಿದರು. "ಎಲ್ಲಿ ಕರ್ಕೊಂಡು ಬಂದ್ರೂ ನಿನಗೆ ನಿದ್ದೇನೇ. ಎಲ್ರೂ ನೋಡ್ತಿದಾರೆ."

"ನೋಡ್ಲಿ ಬಿಡಿ. ಅವರಿಗೂ ಸ್ವಲ್ಪ ಮಜಾ ಸಿಗಲಿ. ನನ್ನನ್ನ ರೂಮಿಗೆ ಕರ್ಕೊಂಡು ಹೋಗ್ತೀರೋ, ಇಲ್ಲೇ ನೆಲಕ್ಕೆ ಉರುಳಲೋ?"

ಮುಖ ಸಪ್ಪಗೆ ಮಾಡಿಕೊಂಡು ಎದ್ದರು. ದಾರಿಯಲ್ಲಿ ನಾನು ಯೋಚಿಸುತ್ತಿದ್ದದ್ದು ಒಂದೇ. ಈ ಹೊತ್ತಿಗೆ ರೂಮು ಮಾಡಿರುತ್ತಾರೆ. ಹೊಸ ಚಾದರ ಹಾಸಿರುತ್ತಾರೆ. ಮೂಲೆ ಹೇಗಾದರೂ ಇರಲಿ, ಈ ಸಲ ಮುಟ್ಟುವುದಿಲ್ಲ.

ಕೌಂಟರಿನಲ್ಲಿ ಬೀಗದ ಕೈ ಕೇಳಿದರೆ ಪೆನ್ಸಿಲ್ ಮೀಸೆಯ ಮುಖ ಬಿಳುಚಿಕೊಂಡಿತು.

"ನೀವು... ಬೆಳಿಗ್ಗೆ ಖಾಲಿ ಮಾಡಿ ಹೋದ್ರಲ್ಲ ಸಾರ್?"

"ಯಾರ್ರೀ ಖಾಲಿ ಮಾಡಿದ್ದು? ನಾಡಿದ್ದಿನವರೆಗೂ ನಮ್ದೇ ರೂಮು!"

ನಮ್ಮ ರೂಮಿನಲ್ಲಿ ಆಗಲೇ ಬೇರೆ ಸಂಸಾರವೊಂದು ಇಳಿದುಕೊಂಡಿತ್ತು. ಮಕ್ಕಳು ಮಲಗಿಯೂ ಆಗಿತ್ತು. ಹೋಟೆಲಿನಲ್ಲಿ ಬೇರೆ ರೂಮು ಖಾಲಿಯಿಲ್ಲ. ನಾನು ಅಲ್ಲಿದ್ದ ಸೋಫಾದ ಮೇಲೆ ಕೂತುಬಿಟ್ಟೆ. ಅಳು ಬರುವುದೊಂದು ಬಾಕಿ.

ಮ್ಯಾನೇಜರು ಫೋನೆತ್ತಿ ರೂಮು ಮಾಡುವವಳನ್ನು ಕರೆಸಿದ. ಬಂದವಳು ನನಗಿಂತ ಸ್ವಲ್ಪ ಚಿಕ್ಕವಳು. ಏಪ್ರನ್ನಿನ ಅಂಚು ಒದ್ದೆ, ಎಡ ಮಣಿಕಟ್ಟಿಗೆ ಬಟ್ಟೆ ಸುತ್ತಿದ್ದಳು. ನಡೆದು ಬರುವ ರೀತಿ ನೋಡಿಯೇ ಅವಳ ಸೊಂಟದ ಕಥೆ ನನಗೆ ತಿಳಿಯಿತು.

"ಯಾರನ್ನ ಕೇಳಿ ಆ ರೂಮು ಖಾಲಿ ಅಂತ ಹೇಳಿದೆ? ಕಣ್ಣು ಕಾಣಲ್ವಾ ನಿಂಗೆ?" ಎಂದು ಆತ ಎಲ್ಲರೆದುರಿಗೇ ಶುರುಮಾಡಿದ. ಕೌಂಟರಿನ ಮೇಲೆ ನಮಗಾಗಿ ಇಟ್ಟುಕೊಂಡಿದ್ದ ನಗು ಎಲ್ಲಿ ಹೋಯಿತೋ.

"ರೂಮಲ್ಲಿ ಒಂದು ಸಾಮಾನೂ ಇರ್ಲಿಲ್ಲ ಸಾರ್. ಚಾದರ ಬಿಚ್ಚಿ ಮಡಚಿತ್ತು. ದಿಂಬಿನ ಕವರೆಲ್ಲ ಒಂದ್ರೊಳಗೆ ತುಂಬಿ ಗಂಟು ಹಾಕಿತ್ತು. ನಾವು ಮಾಡೋ ಹಾಗೇ ಇತ್ತು ಸಾರ್. ಖಾಲಿಯಾದ ಮೇಲೆ ನಮ್ಮವರೇ ಯಾರೋ ಅರ್ಧ ಮಾಡಿಟ್ಟು ಹೋಗಿದಾರೆ ಅಂದ್ಕೊಂಡೆ. ಬಂದವರು ಯಾರಾದ್ರೂ ಹಾಗೆ ಮಾಡ್ತಾರಾ?"

"ಅಂದ್ರೆ? ಮೇಡಂ ಟೀಚರು, ಅವರು ಬಂದು ನಿನ್ನ ಕೆಲಸ ಮಾಡಿದ್ರಾ? ಕಥೆ ಕಟ್ಟಬೇಡ. ನಾಳೆಯಿಂದ ನೀನು ಬರೋದೇ ಬೇಡ."

ಬಾಗಿಲ ಪಕ್ಕ ಇಟ್ಟ ಆ ಗಂಟು ನನ್ನ ಕಣ್ಣ ಮುಂದೆ ಬಂತು. ನಮ್ಮವರೂ ನನ್ನ ಕಡೆ ನೋಡಿದರು. ಅವರಿಗೂ ಒದ್ದೆ ಟವೆಲ್ಲು ನೆನಪಾಗಿರಬೇಕು.

ಸುಮ್ಮನಿದ್ದರೆ ನಾನು ಮೇಡಂ ಆಗಿಯೇ ಇರುತ್ತಿದ್ದೆ. ಆತ ಕೈಮುಗಿದು, ಓಡಾಡಿ, ಪಕ್ಕದ ಹೋಟೆಲಿನಲ್ಲಾದರೂ ಒಂದು ಒಳ್ಳೆಯ ಹಾಸಿಗೆ ಕೊಡಿಸುತ್ತಿದ್ದ. ಆ ಹಾಸಿಗೆ ನನಗೆ ಎಷ್ಟು ಬೇಕಾಗಿತ್ತೆಂದು ಹೇಳಲಾರೆ. ಆ ಹೆಂಗಸು ಮಾತ್ರ ಒದ್ದೆ ಏಪ್ರನ್ನು ಹಿಂಡುತ್ತ ನೆಲ ನೋಡುತ್ತಿದ್ದಳು. ತಪ್ಪು ಯಾರದಾದರೂ ಬೈಗುಳ ತಿನ್ನುವವರು ಹಾಗೆಯೇ ನಿಲ್ಲುತ್ತಾರೆ. ನಾನೂ ಹಾಗೆ ನಿಂತವಳೇ.

"ಅವರನ್ನ ಬೈಬೇಡಿ," ಎಂದೆ. "ಚಾದರ ಬಿಚ್ಚಿದ್ದು ನಾನು."

"ನೀವ್ಯಾಕೆ ಬಿಚ್ತೀರಾ ಮೇಡಂ?"

"ಅಭ್ಯಾಸ. ನಾನೂ ಹೋಟೆಲಲ್ಲಿ ರೂಮು ಮಾಡೋಳೇ."

"ಮತ್ತೆ... ಲೆಕ್ಕದ ಟೀಚರು ಅಂದ್ರಿ?"

"ಟವೆಲ್ ಲೆಕ್ಕ."

ಆ ಹೆಂಗಸು ತಲೆಯೆತ್ತಿ ನನ್ನನ್ನು ನೋಡಿದಳು. ಮ್ಯಾನೇಜರು ಅವಳಿಗೆ "ಹೋಗು, ನಾಳೆ ಬಾ" ಎಂದು ಕೈಬೀಸಿದ. ಆಮೇಲೆ ಉಸಿರು ಬಿಟ್ಟ. ಭಾರವೊಂದು ಇಳಿದಂತೆ ಅವನ ಭುಜ ಕೆಳಗಿಳಿಯಿತು, ಮಾತು ಕೂಡ ಕೆಳಗಿಳಿಯಿತು.

"ಅಯ್ಯೋ, ಮೊದಲೇ ಹೇಳಬಾರದಾಗಿತ್ತಾ? ನೋಡಮ್ಮ, ಮೇಲುಗಡೆ ಒಂದು ರೂಮಿದೆ. ಕುರ್ಚಿ ಸಾಮಾನು ಹಾಕಿದೀವಿ, ಹಾಸಿಗೆ ಮಾಡಿಲ್ಲ. ಅದರಲ್ಲೇ ಇದ್ದುಬಿಡಿ. ಚಾದರ ಕೊಡ್ತೀನಿ, ಹಾಸ್ಕೊಳ್ಳಿ. ನಿನಗೇನು ಹೇಳಿಕೊಡಬೇಕಾ?"

ನಗುತ್ತಲೇ ಚಾದರ, ಕವರು, ಟವೆಲ್ಲುಗಳ ಕಟ್ಟೊಂದನ್ನು ತರಿಸಿ ನನ್ನ ಕೈಗಿಟ್ಟ. ಸಿಟ್ಟಿನಿಂದಲ್ಲ, ಅವಮಾನ ಮಾಡಬೇಕೆಂದೂ ಅಲ್ಲ. ಅದು ನನ್ನ ಕೈಯಲ್ಲಿ ಇರಬೇಕಾದದ್ದು ಎಂದೇ ಅವನಿಗೆ ಸಹಜವಾಗಿ ಅನ್ನಿಸಿತು. ಅದೇ ನನಗೆ ನೋವಾದದ್ದು.

ನಮ್ಮವರು ಎಂದೂ ದನಿ ಏರಿಸಿದವರಲ್ಲ. ಈಗ ಕೌಂಟರು ಕುಟ್ಟಿದರು. "ಏನ್ರೀ? ಈಗ ತಾನೇ ಮೇಡಂ ಮೇಡಂ ಅಂತಿದ್ರಲ್ಲ?"

"ಬನ್ನಿ," ಎಂದು ತೋಳು ಹಿಡಿದು ಎಳೆದೆ. ಜಗಳ ಆಡುವುದಕ್ಕೂ ಮೈಯಲ್ಲಿ ತ್ರಾಣ ಬೇಕು.

ಮೇಲಿನ ಆ ರೂಮಿನಲ್ಲಿ ಒಂದರ ಮೇಲೊಂದು ಪೇರಿಸಿದ ಕುರ್ಚಿಗಳು, ಮೂಲೆಗೆ ಒರಗಿಸಿದ ಮುರುಕು ಕನ್ನಡಿ, ನಡುವೆ ಬತ್ತಲೆ ಹಾಸಿಗೆ. ನಮ್ಮವರು ಬ್ಯಾಗು ಇಳಿಸಿ ಭುಜ ತಿಕ್ಕಿಕೊಂಡರು. ಆಮೇಲೆ ನನ್ನ ಕೈಯಿಂದ ಚಾದರ ತೆಗೆದುಕೊಂಡು ಬಿಡಿಸಿ ನೋಡಿದರು, ಉದ್ದ ಯಾವುದು ಅಗಲ ಯಾವುದು ತಿಳಿಯದೆ ತಿರುಗಿಸಿದರು, ತಲೆ ತಗ್ಗಿಸಿ ನಿಂತರು.

"ಇಷ್ಟು ವರ್ಷ ಇದನ್ನೇ ಮುಟ್ಟಿದೀನಿ, ನೋಡೇ. ಹಾಸೋಕೆ ಬರಲ್ಲ," ಎಂದರು.

"ಕೊಡಿ ಇಲ್ಲಿ," ಎಂದು ನಾನು ಎದ್ದೆ. ಅಷ್ಟರಲ್ಲಿ ಬಾಗಿಲು ತಟ್ಟಿದ ಸದ್ದು. ಆ ಹೆಂಗಸೇ. ಏಪ್ರನ್ನು ಬಿಚ್ಚಿ, ಮನೆಗೆ ಹೋಗುವ ಬಟ್ಟೆ ಹಾಕಿಕೊಂಡು, ಕೈಚೀಲ ತಗುಲಿಸಿಕೊಂಡಿದ್ದಳು. ಚೀಲವನ್ನು ಕುರ್ಚಿಯ ಮೇಲಿಟ್ಟು ನಮ್ಮವರ ಕೈಯಿಂದ ಚಾದರ ತೆಗೆದುಕೊಂಡಳು.

"ನಿಮ್ಮ ಡ್ಯೂಟಿ ಮುಗಿದಿದೆಯಲ್ಲಮ್ಮ?" ಎಂದೆ.

"ಮುಗೀತು. ಅದಕ್ಕೇ ಬಂದೆ. ನೀವು ಕೂತ್ಕೊಳ್ಳಿ ಅಕ್ಕ."

"ಆ ಕಡೆ ನಾನು ಹಿಡೀತೀನಿ."

"ಬೇಡ ಅಂದೆನಲ್ಲ. ಕೂತ್ಕೊಳ್ಳಿ."

ಕೂತೆ. ಕೂರುವುದು ಎಷ್ಟು ಕಷ್ಟದ ಕೆಲಸವೆಂದು ಆಗ ತಿಳಿಯಿತು. ಅವಳು ಬಗ್ಗಿದಾಗ ನನ್ನ ಸೊಂಟ ಬಗ್ಗುತ್ತಿತ್ತು, ಅವಳು ಎಳೆದಾಗ ನನ್ನ ಬೆರಳು ಮಡಚಿಕೊಳ್ಳುತ್ತಿತ್ತು. ಕಡೆಗೆ ಎರಡು ಕೈಯನ್ನೂ ತೊಡೆಯ ಕೆಳಗೆ ಹಾಕಿಕೊಂಡು ಕೂತೆ. ಮೂರು ಮೂಲೆ ಅವಳದು ಬಲು ಚೆನ್ನ. ಕಾಲ ಬಳಿಯ ಎಡಮೂಲೆಗೆ ಬಂದಾಗ ಬಟ್ಟೆ ಸುತ್ತಿದ ಕೈ ಜಾರಿತು. ಇನ್ನೊಮ್ಮೆ ಸಿಕ್ಕಿಸಿದಳು. ಮತ್ತೆ ಸಡಿಲ.

"ಈ ಮೂಲೆ ನಂಗೆ ಕೂರೋದೇ ಇಲ್ಲ ಅಕ್ಕ. ಮಣಿಕಟ್ಟು ಹೋಗಿದೆ, ಹಿಡಿತ ಬರಲ್ಲ. ಕೆಳಗೆ ಹೇಳಬೇಡಿ."

ನಿನ್ನೆ ನಾನು ಎದ್ದು ಬಿಗಿ ಮಾಡಿದ್ದು ಇದೇ ಮೂಲೆ. ಯಾರೋ ಸೋಮಾರಿ ಎಂದು ಮನಸ್ಸಿನಲ್ಲಿ ಬೈದುಕೊಂಡದ್ದೂ ನೆನಪಾಯಿತು.

"ಚೆನ್ನಾಗಿದೆ ಬಿಡಮ್ಮ," ಎಂದೆ. "ಹಾಗೇ ಇರಲಿ."

ದಿಂಬು ತಟ್ಟಿಟ್ಟು, ಹೊದಿಕೆಯ ತುದಿ ಸ್ವಲ್ಪ ಮಡಚಿ, ಚೀಲ ಎತ್ತಿಕೊಂಡು ಹೊರಟಳು. ಬಾಗಿಲಲ್ಲಿ ನಿಂತು, "ಬೆಳಿಗ್ಗೆ ಏನೂ ಮುಟ್ಟಬೇಡಿ, ನಾನು ಬರ್ತೀನಿ," ಎಂದಳು. ಮಗಳೂ ಅದನ್ನೇ ಹೇಳಿದ್ದಳು. ಇವಳು ಹೇಳಿದ್ದು ಬೇರೆ ಥರ ಕೇಳಿಸಿತು.

ಮಲಗಿದೆ. ಕಾಲಿನ ಬಳಿ ಆ ಮೂಲೆ ಸಡಿಲಾಯಿತು, ಆಮೇಲೆ ಪೂರ್ತಿ ಬಿಚ್ಚಿಕೊಂಡಿತು. ಹೆಬ್ಬೆರಳಿಗೆ ಹಾಸಿಗೆಯ ಒರಟು ಬಟ್ಟೆ ತಾಗುತ್ತಿತ್ತು. ತಾಗಲಿ ಎಂದುಕೊಂಡೆ. ನಮ್ಮವರ ಗೊರಕೆ ಶುರುವಾಯಿತೋ ಇಲ್ಲವೋ ನನಗೆ ಗೊತ್ತಿಲ್ಲ.

ಎಚ್ಚರವಾದಾಗ ಬಿಸಿಲು ಕುರ್ಚಿಗಳ ಮೇಲೆ ಏರಿತ್ತು. ಅಷ್ಟು ಹೊತ್ತು ನಾನು ಮಲಗಿದ್ದು ಯಾವಾಗ ಎಂದು ನೆನಪಾಗಲಿಲ್ಲ. ನಮ್ಮವರು ಆಗಲೇ ಸ್ನಾನ ಮುಗಿಸಿ, ಹಾಳೆ ಜೇಬಿಗಿಟ್ಟು, ಬ್ಯಾಗು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿದ್ದರು. ಸದ್ದು ಮಾಡದೆ ಕಾದಿದ್ದರು ಎಂದು ಕಾಣುತ್ತದೆ. ನಾನು ಮುಖ ತೊಳೆದು, ಬಟ್ಟೆ ಬದಲಿಸಿ ಹಾಸಿಗೆಯ ಮುಂದೆ ಬಂದು ನಿಂತೆ. ಚಾದರ ಮುದ್ದೆಯಾಗಿತ್ತು, ದಿಂಬಿನಲ್ಲಿ ತಲೆಯ ಗುಳಿ, ಹೊದಿಕೆ ಅರ್ಧ ನೆಲದ ಮೇಲೆ. ಕೈ ಮುಂದೆ ಹೋಯಿತು. ಹಿಂದಕ್ಕೆ ತೆಗೆದುಕೊಂಡೆ.

"ಆ ಬ್ಯಾಗು ಕೊಡಿ ಇಲ್ಲಿ," ಎಂದೆ.

"ಯಾಕೆ?"

ಹೆಗಲಿನಿಂದ ಬಿಡಿಸಿಕೊಂಡು, ಆ ಮುದ್ದೆ ಚಾದರದ ನಟ್ಟನಡುವೆ ಇಟ್ಟೆ.

"ಏಯ್, ಕಳುವಾಗಿ ಹೋದ್ರೆ?"

"ಹೋಗಲ್ಲ. ಅವಳು ಬರ್ತಾಳೆ," ಎಂದೆ. "ಈ ರೂಮಲ್ಲಿ ಜನ ಇದಾರೆ ಅಂತ ಗೊತ್ತಾಗಬೇಕಲ್ಲ."

ಬೀಗದ ಕೈಯನ್ನು ನನ್ನ ಪರ್ಸಿನಲ್ಲೇ ಹಾಕಿಕೊಂಡು ಬಾಗಿಲು ಎಳೆದುಕೊಂಡೆ.